ಕೋಟೆಯ ಸೀಮೆಯಿಂದ ಚಿತ್ರಕಥೆಯ ಶಾಲೆಗೆ

ತೀರ್ಥಹಳ್ಳಿಯಿಂದ ಸುಮಾರು 18 ಕಿಲೋಮೀಟರು ದೂರದಲ್ಲಿ, ಗದ್ದೆಯ ಅಂಚನ್ನು ದಾಟಿ ಕಾಡಿನ ಕಲ್ಲುಹಾದಿಯನ್ನು ಏರಿದರೆ ಕವಲೇದುರ್ಗದ ಮಹಾದ್ವಾರ ಎದುರಾಗುತ್ತದೆ. ಕೆಳದಿಯ ಅರಸರ ಕಾಲದಲ್ಲಿ ಭುವನಗಿರಿಯೆಂದು ಹೆಸರಾಗಿದ್ದ ದುರ್ಗವಿದು. ಸುತ್ತುಸುತ್ತಾಗಿ ಮೇಲೇರುವ ಕಲ್ಲಿನ ಗೋಡೆಗಳು, ಅರಮನೆಯ ತಳಪಾಯ, ಕೊಳಗಳು, ಶಿಖರದ ಮೇಲೊಂದು ಪುಟ್ಟ ದೇಗುಲ. ಇವು ಇಂದಿಗೂ ಅಲ್ಲಿ ಉಳಿದಿವೆ.

ಈ ದ್ವಾರದ ಮುಂದೆ ಒಬ್ಬ ಕಥೆಗಾರನನ್ನೂ ಚಿತ್ರಕಥಾರಚನೆಯನ್ನು ಅಭ್ಯಾಸ ಮಾಡುತ್ತಿರುವ ಒಬ್ಬ ವಿದ್ಯಾರ್ಥಿಯನ್ನೂ ನಿಲ್ಲಿಸಿ, ಕಂಡುದನ್ನು ಬರೆಯಿರೆಂದು ಹೇಳಿದರೆ ಏನಾದೀತು? ‘ಗತವೈಭವವು ಮೌನದಲ್ಲಿ ಮುಳುಗಿದೆ’ ಎಂದು ಕಥೆಗಾರನು ಒಂದೇ ಸಾಲಿನಲ್ಲಿ ಮುಗಿಸಿಯಾನು. ವಿದ್ಯಾರ್ಥಿಗೆ ಆ ಸೌಕರ್ಯವಿಲ್ಲ. ಗತವೈಭವವು ಕ್ಯಾಮರಾದ ಕಣ್ಣಿಗೆ ಬೀಳದು. ಮೌನವಾದರೂ, ಯಾವುದೋ ಒಂದು ಸದ್ದು ನಿಂತ ಮೇಲಲ್ಲವೆ ಕಿವಿಗೆ ತಿಳಿಯುವುದು? ‘ಹೊರಾಂಗಣ, ಬೆಳಗು, ಮಳೆ ಈಗತಾನೆ ನಿಂತಿದೆ’ ಎಂದು ಅವನು ಆರಂಭಿಸಬೇಕು. ಪಾಚಿಗಟ್ಟಿದ ಮೆಟ್ಟಿಲು, ಕಲ್ಲಿನ ಸಂದಿಯಲ್ಲಿ ಇಳಿಯುವ ನೀರು, ದ್ವಾರದೊಳಗಿನಿಂದ ಕೇಳಿಬಂದು ಒಮ್ಮೆಲೇ ನಿಲ್ಲುವ ಹಸುವಿನ ಕೊರಳಗಂಟೆ. ಇವುಗಳಿಂದಲೇ ಅವನು ಆ ವೈಭವದ ಅಳಿವನ್ನು ಹೇಳಬೇಕು. ಕಾಣುವುದು, ಕೇಳುವುದು, ಈ ಎರಡನ್ನುಳಿದು ಮೂರನೆಯದಕ್ಕೆ ಅವನ ಹಾಳೆಯಲ್ಲಿ ಎಡೆಯಿಲ್ಲ.

ಈ ಕಠಿನ ವಿದ್ಯೆಯನ್ನು ಕಲಿಯಲೆಂದು ಇದೇ ತಾಲ್ಲೂಕಿನ ತರುಣರೊಬ್ಬರು, ಕೈಗೆ ಬಂದಿದ್ದ ಉದ್ಯೋಗವನ್ನು ಬಿಟ್ಟು ಪುಣೆಯ ದಾರಿ ಹಿಡಿದರು. ಅವರೇ ಗಿರೀಶ ಕಾಸರವಳ್ಳಿ.

ಔಷಧಶಾಸ್ತ್ರಕ್ಕೆ ವಿದಾಯ

ಕಾಸರವಳ್ಳಿಯವರು 1950ರಲ್ಲಿ ತೀರ್ಥಹಳ್ಳಿ ತಾಲ್ಲೂಕಿನ ಕೆಸಲೂರಿನಲ್ಲಿ ಜನಿಸಿದರು. ಹುಟ್ಟೂರಿನಲ್ಲಿಯೂ ಕಮ್ಮರಡಿಯಲ್ಲಿಯೂ ಅವರ ಮೊದಲ ವಿದ್ಯಾಭ್ಯಾಸ ನಡೆಯಿತು. ಸಾಗರದ ಬಳಿಯ ಹೆಗ್ಗೋಡಿನ ಕೆ. ವಿ. ಸುಬ್ಬಣ್ಣನವರು ಅವರ ಸೋದರಮಾವ. 1949ರಲ್ಲಿ ಆರಂಭವಾದ ‘ನೀನಾಸಂ’ ಸಂಸ್ಥೆಯನ್ನು ಬೆಳೆಸಿ, ಅಡಿಕೆ ತೋಟಗಳ ನಡುವೆ ನಾಟಕಕ್ಕೊಂದು ನೆಲೆಯೊದಗಿಸಿದವರು ಸುಬ್ಬಣ್ಣ. ಹೀಗೆ ಕಲೆಯ ಗಾಳಿ ಮನೆತನದಲ್ಲಿಯೇ ಬೀಸುತ್ತಿದ್ದಿತು.

ಆದರೂ ಕಾಸರವಳ್ಳಿಯವರು ಆರಿಸಿಕೊಂಡದ್ದು ಔಷಧಶಾಸ್ತ್ರ. ಮಣಿಪಾಲದಲ್ಲಿ ಪದವಿ ಪಡೆದು ತರಬೇತಿಗಾಗಿ ಹೈದರಾಬಾದಿಗೆ ತೆರಳಿದರು. ಆ ಕಾಲಕ್ಕೆ ಅಂತಹ ಪದವಿಯೆಂದರೆ ತಿಂಗಳು ತಿಂಗಳು ಕೈಸೇರುವ ಸಂಬಳದ ಭರವಸೆ. ಚಲಚ್ಚಿತ್ರವೋ, ಯಾವ ಭರವಸೆಯನ್ನೂ ಕೊಡದ ಹಾದಿ. ಹಗಲಿನ ಕೆಲಸವನ್ನೂ ಸಿನಿಮಾದ ಸೆಳೆತವನ್ನೂ ಏಕಕಾಲದಲ್ಲಿ ನಿಭಾಯಿಸುವುದು ಕಷ್ಟವಾದಾಗ ಅವರು ಎರಡರಲ್ಲೊಂದನ್ನು ಕೈಬಿಡಬೇಕಾಯಿತು. ಕೈಬಿಟ್ಟದ್ದು ಭರವಸೆಯನ್ನು.

ಪುಣೆಯ ದಿನಚರಿ

ಪುಣೆಯ ಫಿಲ್ಮ್ ಇನ್‌ಸ್ಟಿಟ್ಯೂಟ್ 1960ರಲ್ಲಿ ಸ್ಥಾಪಿತವಾದುದು ಹಳೆಯ ಪ್ರಭಾತ್ ಸ್ಟುಡಿಯೋದ ಆವರಣದಲ್ಲಿ. ನಿರ್ದೇಶನವನ್ನು ಕಲಿಯಬಂದವನು ಅಲ್ಲಿ ಚಿತ್ರಕಥೆಯನ್ನೂ ಬರೆಯಬೇಕು. ತನ್ನ ಚಿತ್ರವನ್ನು ಮೊದಲು ಕಾಗದದ ಮೇಲೆ ಕಾಣಬೇಕು. ಹಗಲೆಲ್ಲ ಪಾಠ, ಕ್ಯಾಮರಾ ಮತ್ತು ಸಂಕಲನದ ಅಭ್ಯಾಸ, ಸಂಜೆಯಾಯಿತೆಂದರೆ ಚಿತ್ರಪ್ರದರ್ಶನ. ಚಿತ್ರ ಮುಗಿದ ಮೇಲೂ ದಿನ ಮುಗಿಯುವುದಿಲ್ಲ. ಆವರಣದಲ್ಲೊಂದು ಮಾವಿನ ಮರವುಂಟು. ವಿದ್ಯಾರ್ಥಿಗಳು ಅದಕ್ಕೆ ‘ಜ್ಞಾನವೃಕ್ಷ’ವೆಂದೇ ಹೆಸರಿಟ್ಟಿದ್ದಾರೆ. ಅದರ ಕೆಳಗೆ ವಾದ, ಪ್ರತಿವಾದ, ಚಹಾ, ಮತ್ತೆ ವಾದ.

ಈ ಶಿಕ್ಷಣಕ್ಕೆ ಇಬ್ಬರು ಮಹನೀಯರ ಆಸರೆ ದೊಡ್ಡದು. ಪ್ರೊಫೆಸರ್ ಸತೀಶ್ ಬಹಾದೂರರು ‘ಪಥೇರ್ ಪಾಂಚಾಲಿ’ಯಂತಹ ಒಂದೇ ಚಿತ್ರವನ್ನು ಎತ್ತಿಕೊಂಡು ದೃಶ್ಯ ದೃಶ್ಯವಾಗಿ ಬಿಡಿಸಿ ತೋರುತ್ತಿದ್ದರು. 1964ರಲ್ಲಿ ಸ್ಥಾಪಿತವಾದ ರಾಷ್ಟ್ರೀಯ ಚಲಚ್ಚಿತ್ರ ಸಂಗ್ರಹಾಲಯವನ್ನು ಕಟ್ಟಿ ಬೆಳೆಸಿದ ಪಿ. ಕೆ. ನಾಯರ್ ಅವರು ದೇಶವಿದೇಶಗಳ ಚಿತ್ರಸುರುಳಿಗಳನ್ನು ವಿದ್ಯಾರ್ಥಿಗಳ ಕಣ್ಣಮುಂದೆ ಬಿಚ್ಚಿದರು.

ಜಪಾನಿನ ಯಾಸುಜಿರೋ ಓಜು ಅವರ ‘ಟೋಕಿಯೋ ಸ್ಟೋರಿ’ ವಿದ್ಯಾರ್ಥಿ ಕಾಸರವಳ್ಳಿಯವರ ಮೇಲೆ ಗಾಢವಾದ ಪ್ರಭಾವ ಬೀರಿತು. ಆ ಕಥೆಯಲ್ಲಿ ಅಬ್ಬರವೆಂಬುದೇ ಇಲ್ಲ. ಮಕ್ಕಳನ್ನು ನೋಡಲು ವೃದ್ಧ ದಂಪತಿಗಳು ನಗರಕ್ಕೆ ಬರುತ್ತಾರೆ; ಮಕ್ಕಳಿಗೆ ಪುರಸೊತ್ತಿಲ್ಲ; ಅವರು ಹಿಂದಿರುಗುತ್ತಾರೆ. ಇಷ್ಟರಲ್ಲಿಯೇ ಒಂದು ಇಡೀ ಬಾಳು ತೆರೆದುಕೊಳ್ಳುತ್ತದೆ. ಜಗುಲಿಯ ಮೇಲೆ ಕುಳಿತು ಮಕ್ಕಳ ಕಾಗದಕ್ಕಾಗಿ ಕಾಯುವ ಹಿರಿಯರನ್ನು ಕಂಡ ಮಲೆನಾಡಿನವರಿಗೆ ಇದು ಪರದೇಶದ ಕಥೆಯಾಗಿ ತೋರುವುದೆ?

ವಿಶೇಷಣದ ಬೆಲೆ

ಚಿತ್ರಕಥೆಯ ವಿದ್ಯಾರ್ಥಿಯ ದಿನಗಳಲ್ಲಿ ಬಹುಪಾಲು ಕಳೆಯುವುದು ಬರೆಯುವುದರಲ್ಲಲ್ಲ, ಬರೆದುದನ್ನು ಹೊಡೆದುಹಾಕುವುದರಲ್ಲಿ. ಮೊದಲು ನಾಲ್ಕು ಸಾಲಿನ ಕಥಾಸಾರ, ಅದರಿಂದ ಕಥೆಯ ವಿಸ್ತಾರ, ಬಳಿಕ ದೃಶ್ಯಗಳ ವಿಂಗಡಣೆ, ಕೊನೆಯಲ್ಲಿ ಸಂಭಾಷಣೆ. ‘ಅವಳಿಗೆ ದುಃಖವಾಯಿತು’ ಎಂದು ಬರೆದರೆ, ‘ಅದು ನನಗೆ ಕಾಣುವುದು ಹೇಗೆ?’ ಎಂಬ ಪ್ರಶ್ನೆ ಕಾದಿರುತ್ತದೆ. ‘ಬಡಿಸಿದ ಎಲೆಯ ಮುಂದೆ ಕುಳಿತವಳು, ತುತ್ತೆತ್ತದೆ ಎಲೆಯನ್ನು ಮಡಿಸಿದಳು’ ಎಂದು ತಿದ್ದಿದಾಗ ದುಃಖವೆಂಬ ಮಾತಿಲ್ಲದೆಯೇ ದುಃಖವು ಕಾಣುತ್ತದೆ.

ಈ ಮಿತವ್ಯಯಕ್ಕೆ ಲೌಕಿಕ ಕಾರಣವೂ ಇದ್ದಿತು. 35 ಮಿಲಿಮೀಟರ್ ಫಿಲ್ಮು ನಿಮಿಷಕ್ಕೆ 90 ಅಡಿಗಳಂತೆ ಓಡುತ್ತದೆ. ವಿದ್ಯಾರ್ಥಿಗೆ ದೊರೆಯುವ ಸುರುಳಿಯೋ ಎಣಿಕೆಯದು. ಕಾಗದದ ಮೇಲಿನ ಅನಗತ್ಯವಾದ ಒಂದು ದೃಶ್ಯ ನೂರಾರು ಅಡಿಗಳನ್ನು ನುಂಗಿಬಿಡುವುದು.

1975ರಲ್ಲಿ ಕಾಸರವಳ್ಳಿಯವರು ಚಿನ್ನದ ಪದಕದೊಡನೆ ಉತ್ತೀರ್ಣರಾದರು. ಅವರ ವಿದ್ಯಾರ್ಥಿಚಿತ್ರ ‘ಅವಶೇಷ್’ ರಾಷ್ಟ್ರಪತಿಗಳ ರಜತಕಮಲವನ್ನು ಪಡೆಯಿತು. ಓದಿನ ಕೊನೆಯ ವರ್ಷದಲ್ಲಿಯೇ ಬಿ. ವಿ. ಕಾರಂತರ ‘ಚೋಮನ ದುಡಿ’ಗೆ ಸಹಾಯಕರಾಗಿ ದುಡಿಯುವ ಅವಕಾಶವೂ ಒದಗಿತು; ಆ ಚಿತ್ರಕ್ಕೆ ಸ್ವರ್ಣಕಮಲ ಬಂದಿತು.

ಊರಿಗೆ ಮರಳಿದ ವಿದ್ಯೆ

ಕಲಿತ ವಿದ್ಯೆಯ ನಿಜವಾದ ಪರೀಕ್ಷೆ ನಡೆದುದು 1977ರಲ್ಲಿ. ತೀರ್ಥಹಳ್ಳಿ ತಾಲ್ಲೂಕಿನ ಮೇಳಿಗೆಯಲ್ಲಿ ಜನಿಸಿದ ಯು. ಆರ್. ಅನಂತಮೂರ್ತಿಯವರ ‘ಘಟಶ್ರಾದ್ಧ’ವನ್ನು ಕಾಸರವಳ್ಳಿಯವರು ತಮ್ಮ ಮೊದಲ ಕಥಾಚಿತ್ರಕ್ಕೆ ಆರಿಸಿಕೊಂಡರು. ಅಗ್ರಹಾರದ ತರುಣ ವಿಧವೆ ಯಮುನಕ್ಕ ಗರ್ಭಿಣಿಯಾಗುತ್ತಾಳೆ; ಬದುಕಿರುವಾಗಲೇ ತಂದೆಯು ಅವಳ ಶ್ರಾದ್ಧ ಮಾಡಿ ಕುಲದಿಂದ ಹೊರಗಟ್ಟುತ್ತಾನೆ. ಇದಕ್ಕೆಲ್ಲ ಸಾಕ್ಷಿ, ವೇದಪಾಠಕ್ಕೆ ಬಂದ ಬಾಲಕ ನಾಣಿ. ಅವನಿಗೆ ಎಲ್ಲವೂ ಕಾಣುತ್ತದೆ, ಎಲ್ಲವೂ ಅರ್ಥವಾಗುವುದಿಲ್ಲ. ಕಾಣುವುದನ್ನಷ್ಟೇ ಬರೆಯಬೇಕೆಂಬ ಪಾಠಕ್ಕೆ ಇದಕ್ಕಿಂತ ತಕ್ಕ ಕಥೆ ಯಾವುದಿದ್ದೀತು? ಆ ವರ್ಷದ ಸ್ವರ್ಣಕಮಲ ಆ ಚಿತ್ರಕ್ಕೆ ಸಂದಿತು. ಮುಂದೆ ‘ತಬರನ ಕಥೆ’, ‘ತಾಯಿ ಸಾಹೇಬ’, ‘ದ್ವೀಪ’ ಚಿತ್ರಗಳೂ ಅದೇ ಗೌರವವನ್ನು ಪಡೆದುವು. ಸಾಗರದ ನಾ. ಡಿಸೋಜರ ಕಾದಂಬರಿಯನ್ನಾಧರಿಸಿದ ‘ದ್ವೀಪ’ದಲ್ಲಿ, ಅಣೆಕಟ್ಟಿನಿಂದ ನೆಲೆ ತಪ್ಪುವವರ ಸಂಕಟವನ್ನು ಗುಡ್ಡದ ಸುತ್ತ ಏರುವ ನೀರೇ ನುಡಿಯುತ್ತದೆ.

ವಿದ್ಯೆಯು ಒಬ್ಬರಲ್ಲಿಯೇ ನಿಲ್ಲಲಿಲ್ಲ. 1973ರಲ್ಲಿ ಹೆಗ್ಗೋಡಿನಲ್ಲಿ ನೀನಾಸಂ ಚಿತ್ರಸಮಾಜ ಹುಟ್ಟಿತು. ಬಹಾದೂರರೂ ನಾಯರರೂ ಅಲ್ಲಿಗೇ ಬಂದು ಶಿಬಿರಗಳಲ್ಲಿ ಪಾಠ ಹೇಳಿದರು. ಅಡಿಕೆ ಬೆಳೆಗಾರರು ಕುರೊಸಾವಾ ಮತ್ತು ಸತ್ಯಜಿತ್ ರಾಯ್ ಅವರ ಚಿತ್ರಗಳನ್ನು ನೋಡಿ ಚರ್ಚಿಸಿದರು. 2024ರಲ್ಲಿ ‘ಘಟಶ್ರಾದ್ಧ’ದ ಜೀರ್ಣೋದ್ಧಾರಗೊಂಡ ಪ್ರತಿಯು ವೆನಿಸ್ ಚಿತ್ರೋತ್ಸವದಲ್ಲಿ ಪ್ರದರ್ಶನ ಕಂಡಿತು.

ಇಂದು ಪುಣೆಯಲ್ಲಿ ಪದವೀಧರರಿಗಾಗಿ ಚಿತ್ರಕಥಾರಚನೆಯದೇ ಪ್ರತ್ಯೇಕ ಶಿಕ್ಷಣಕ್ರಮವುಂಟು. ಲೇಖನಿಯ ಎಡೆಗೆ ಗಣಕಯಂತ್ರ ಬಂದಿದೆ, ಫಿಲ್ಮಿನ ಅಡಿಲೆಕ್ಕ ಮರೆಯಾಗಿದೆ. ಪಾಠ ಮಾತ್ರ ಬದಲಾಗಿಲ್ಲ. ಮಳೆ ನಿಂತ ಒಂದು ಬೆಳಗ್ಗೆ ಕವಲೇದುರ್ಗದ ಮೆಟ್ಟಿಲ ಮೇಲೆ ಮಲೆನಾಡಿನ ಯಾವ ಮಗುವಾದರೂ ನಿಂತು, ಮುಂದೆ ಕಾಣುವುದನ್ನು ಕಂಡಂತೆ ಒಂದು ಪುಟ ಬರೆದುದಾದರೆ, ಆ ಶಾಲೆಯ ಮೊದಲ ಪಾಠ ಅಲ್ಲಿಯೇ ಆಯಿತೆನ್ನಬಹುದು.