ಬೆಳಗ್ಗೆ ಹೊರಟು ಅಸರ್‌ಗೆ ಮನೆಗೆ

ನೀವು ಕಲಬುರಗಿಯಲ್ಲಿ ಹುಟ್ಟಿ ಬೆಳೆದವರೇ? ಅಥವಾ ಮದುವೆಯಾಗಿ ಈ ಊರಿಗೆ ಬಂದವರೇ? ಹಾಗಿದ್ದರೆ ಒಂದು ಪ್ರಶ್ನೆ. ಕೋಟೆಯೊಳಗಿನ ಜಾಮಿಯಾ ಮಸೀದಿಯನ್ನು ನೀವು ಯಾವಾಗ ನೋಡಿದ್ದೀರಿ? ನಮ್ಮ ಶಾಲೆಗೆ ಬರುವ ತಾಯಂದಿರಲ್ಲಿ ನಾನು ಇದನ್ನೇ ಕೇಳಿದೆ. ಹಲವರು ನಕ್ಕುಬಿಟ್ಟರು. “ಆಪಾ, ಕೋಟೆ ಮುಂದಿನ ರಸ್ತೆಯಲ್ಲೇ ಓಡಾಡ್ತೀವಿ. ಒಳಗೆ ಮಾತ್ರ ಹೋಗಿಲ್ಲ” ಎಂದರು.

ಊರು ನಮ್ಮದೇ. ಆದರೆ ನೋಡಲು ಪುರುಸೊತ್ತು ಸಿಗುವುದಿಲ್ಲ. ಪುರುಸೊತ್ತು ಸಿಕ್ಕಾಗ ಹೇಗೆ ಹೋಗಬೇಕೆಂದು ತಿಳಿಯುವುದಿಲ್ಲ. ಇದನ್ನು ನಾನು ಒಂದು ತಪ್ಪು ಮಾಡಿ ಕಲಿತೆ.

ಕೆಲವು ವರ್ಷಗಳ ಹಿಂದೆ ನಮ್ಮ ಮೊಹಲ್ಲಾದವರೆಲ್ಲ ಸೇರಿ ಒಂದು ದೊಡ್ಡ ಬಸ್ಸು ಬಾಡಿಗೆಗೆ ಹಿಡಿದೆವು. ಐವತ್ತು ಮಂದಿ. ಎಲ್ಲೆಲ್ಲಿ ಹೋಗಬೇಕೆಂದು ಪಟ್ಟಿ ಬರೆದವಳು ನಾನೇ. ಕೋಟೆ, ಹಫ್ತ್ ಗುಂಬಜ್, ದರ್ಗಾ, ಬುದ್ಧ ವಿಹಾರ, ಕಮಲಾಪುರ, ಕೊನೆಗೆ ಬೀದರ್! ಎಲ್ಲವೂ ಒಂದೇ ದಿನದಲ್ಲಿ. ಎಲ್ಲರೂ ಬಸ್ಸು ಹತ್ತುವುದಕ್ಕೇ ಒಂದು ಗಂಟೆ ಹಿಡಿಯಿತು. ಕೋಟೆಯ ಮುಂದೆ ನಿಲ್ಲಿಸಿದ ಚಾಲಕ “ಇಪ್ಪತ್ತೇ ನಿಮಿಷ” ಎಂದ. ಮೊಣಕಾಲು ನೋವಿದ್ದ ಪಕ್ಕದ ಮನೆಯ ಖಾಲಾ “ನೀವು ಹೋಗಿ ಬನ್ನಿ, ನಾನು ಚೀಲ ನೋಡಿಕೊಳ್ತೀನಿ” ಎಂದು ಕುಳಿತೇ ಬಿಟ್ಟರು. ಎಳೆ ಮಕ್ಕಳಿದ್ದ ಇಬ್ಬರು ಸೊಸೆಯಂದಿರೂ ಇಳಿಯಲಿಲ್ಲ. ಬೀದರ್ ಮುಟ್ಟಿದಾಗ ಕತ್ತಲಾಗಿತ್ತು. ಮರುದಿನ ಖಾಲಾರನ್ನು ಮೊಮ್ಮಗಳು “ದಾದಿ, ಏನೇನು ನೋಡಿದಿರಿ?” ಎಂದು ಕೇಳಿದಳಂತೆ. “ಬಸ್ಸಿನ ಸೀಟು ನೋಡಿದೆ, ಬೇಟಿ” ಎಂದರಂತೆ ಖಾಲಾ. ಆ ಮಾತು ನನಗೆ ಚುಚ್ಚಿತು. ಪಟ್ಟಿ ನನ್ನದಲ್ಲವೇ!

ಹಡಗಿನವರು ಕಲಿಸುವ ಪಾಠ

ಸ್ವಲ್ಪ ಸಮಯದಲ್ಲಿ ಊರು ನೋಡುವ ಕಷ್ಟ ನಮಗೊಬ್ಬರಿಗೇ ಇರುವುದಲ್ಲ. ಮೆಡಿಟರೇನಿಯನ್ ಸಮುದ್ರದಲ್ಲಿ ಸುತ್ತುವ ದೊಡ್ಡ ಪ್ರವಾಸಿ ಹಡಗುಗಳಲ್ಲಿ ಎರಡು-ಮೂರು ಸಾವಿರ ಜನರಿರುತ್ತಾರೆ. ಹಡಗು ಸಾಮಾನ್ಯವಾಗಿ ಬೆಳಗ್ಗೆ ಒಂದು ಬಂದರಿಗೆ ಬಂದು ಸಂಜೆಗೆ ಹೊರಟುಬಿಡುತ್ತದೆ. ನಡುವೆ ಸಿಗುವುದು ಎಂಟೋ ಹತ್ತೋ ಗಂಟೆ. ಇಟಲಿಯ ಚಿವಿತಾವೆಕ್ಕಿಯಾದಲ್ಲಿ ಇಳಿದವರು ರೋಮ್ ನೋಡಬೇಕು. ಟರ್ಕಿಯ ಕುಶಾದಸಿಯಲ್ಲಿ ಇಳಿದವರಿಗೆ ಎಫೆಸಸ್‌ನ ಅವಶೇಷಗಳು ಹತ್ತಿರ. ಸ್ಪೇನಿನ ಮಲಗಾದಲ್ಲಿ ಇಳಿದವರು ನೂರು ಕಿ.ಮೀ.ಗೂ ಹೆಚ್ಚು ದೂರ ಹೋಗಿ ಗ್ರನಾಡದ ಅಲ್‌ಹಂಬ್ರಾ ನೋಡಿ ಬರಬೇಕು. ದೊಡ್ಡ ಬಸ್ಸಿನಲ್ಲಿ ಹೋದವರ ಅರ್ಧ ದಿನ ಇಳಿಯುವುದರಲ್ಲಿ, ಎಣಿಸುವುದರಲ್ಲಿ, ಕಾಯುವುದರಲ್ಲಿ ಕಳೆಯುತ್ತದೆ. ಅದಕ್ಕೇ ಹಲವರು ಎಂಟು-ಹತ್ತು ಮಂದಿ ಸೇರಿ ಒಂದು ಸಣ್ಣ ವ್ಯಾನು ಹಿಡಿಯುತ್ತಾರೆ. ಒಂದೋ ಎರಡೋ ಜಾಗ ಆರಿಸಿಕೊಳ್ಳುತ್ತಾರೆ. ಹಾಗೆ ಸ್ವಂತವಾಗಿ ಹೋದವರು ತಡಮಾಡಿದರೆ ಹಡಗು ಕಾಯುವುದಿಲ್ಲ. ಆದ್ದರಿಂದ ಹಿಂದಿರುಗಲು ಒಂದೆರಡು ಗಂಟೆ ಹೆಚ್ಚಿಗೇ ಇಟ್ಟುಕೊಳ್ಳುತ್ತಾರೆ.

ನಮ್ಮ ರಾಜ್ಯದಲ್ಲೂ ಇದು ನಡೆಯುತ್ತದೆ. ಮಳೆಗಾಲ ಕಳೆದ ಮೇಲೆ ಪಣಂಬೂರಿನ ನವಮಂಗಳೂರು ಬಂದರಿಗೆ ಇಂಥ ಹಡಗುಗಳು ಬರುತ್ತವೆ. ಪ್ರಯಾಣಿಕರು ಮೂಡುಬಿದಿರೆಯ ಸಾವಿರ ಕಂಬದ ಬಸದಿ, ಕಾರ್ಕಳದ ಗೊಮ್ಮಟ, ಗೋಡಂಬಿ ಕಾರ್ಖಾನೆ ನೋಡಿಕೊಂಡು ಸಂಜೆಗೆ ಹಡಗು ಹತ್ತುತ್ತಾರೆ. ಮಂಗಳೂರಿನಿಂದ ಮೂಡುಬಿದಿರೆಗೆ ಸುಮಾರು 35 ಕಿ.ಮೀ. ಕಲಬುರಗಿಯಿಂದ ಕಮಲಾಪುರಕ್ಕೂ ಹೆಚ್ಚುಕಡಿಮೆ ಅಷ್ಟೇ ದೂರ. ಯಾವುದೋ ದೇಶದವರು ನಾಲ್ಕು ಗಂಟೆಯಲ್ಲಿ ನಮ್ಮ ನಾಡು ನೋಡಿ ಹೋಗಬಹುದಾದರೆ ನಮಗೇಕೆ ಆಗದು? ನಮ್ಮ ಹಡಗು ಎಂದರೆ ಮನೆ. ಮಕ್ಕಳು ಶಾಲೆಯಿಂದ ಬರುವ ಹೊತ್ತಿಗೆ ಹತ್ತಲೇಬೇಕು.

ಎಂಟು ಮಂದಿ, ಒಂದು ಗಾಡಿ

ಮುಂದಿನ ಸಲ ನಾವು ಎಂಟೇ ಮಂದಿ ಹೊರಟೆವು. ನಮ್ಮ ಕಡೆ ಮದುವೆ ಮುಂಜಿಗೆಲ್ಲ ಓಡುವ ಕ್ರೂಸರ್ ಗಾಡಿ ಬಾಡಿಗೆಗೆ ಹಿಡಿದೆವು. ಈ ಸಲ ಪಟ್ಟಿಯಲ್ಲಿ ಮೂರೇ ಜಾಗ. ಒಂದೇ ನಿಯಮ: ಎಲ್ಲರಿಗಿಂತ ನಿಧಾನ ನಡೆಯುವವರು ಯಾರೋ, ಉಳಿದವರು ಅವರ ಹಿಂದೆ ನಡೆಯಬೇಕು. ಖಾಲಾರನ್ನು ಮುಂದೆ ಬಿಟ್ಟೆವು.

ಎಂಟೂವರೆಗೆ ಕೋಟೆ. 1347ರಲ್ಲಿ ಅಲಾವುದ್ದೀನ್ ಹಸನ್ ಬಹಮನಿ ರಾಜ್ಯ ಸ್ಥಾಪಿಸಿ ಈ ಊರನ್ನು ರಾಜಧಾನಿ ಮಾಡಿದ. ಜಾಮಿಯಾ ಮಸೀದಿ ಕಟ್ಟಿದ್ದು 1367ರಲ್ಲಿ. ಸಾಮಾನ್ಯವಾಗಿ ದೊಡ್ಡ ಮಸೀದಿಗಳ ನಡುವೆ ತೆರೆದ ಅಂಗಳವಿರುತ್ತದೆ. ಇಲ್ಲಿ ಇಡೀ ಮಸೀದಿಗೆ ಮೇಲ್ಛಾವಣಿಯಿದೆ. ಬದಿಗಳ ಕಮಾನುಗಳಿಂದ ಬೆಳಕು ಒಳಗೆ ಬರುತ್ತದೆ. ಇದನ್ನು ಸ್ಪೇನಿನ ಕೊರ್ಡೋವಾ ಮಸೀದಿಗೆ ಹೋಲಿಸುವುದುಂಟು. ಹೊರಗೆ ಬಿಸಿಲು, ಒಳಗೆ ತಂಪು. ಖಾಲಾ ಗೋಡೆಗೆ ಒರಗಿ ಕುಳಿತು ಒಂದು ಸಾಲಿನ ಕಮಾನುಗಳನ್ನು ಬೆರಳಿನಲ್ಲಿ ಎಣಿಸತೊಡಗಿದರು. ನಡುವೆ ಲೆಕ್ಕ ತಪ್ಪಿತು, ಮತ್ತೆ ಮೊದಲಿನಿಂದ ಎಣಿಸಿದರು. ಯಾರೂ ಅವಸರ ಮಾಡಲಿಲ್ಲ. “ಮೂವತ್ತು ವರ್ಷದಿಂದ ಕೋಟೆ ಗೋಡೆ ನೋಡ್ತಾ ಇದ್ದೆ. ಗೋಡೆಯೊಳಗೆ ಇಷ್ಟೆಲ್ಲ ಇತ್ತಾ!” ಎಂದರು. ಮಕ್ಕಳಿಗೆ ಹಿಡಿಸಿದ್ದು 29 ಅಡಿ ಉದ್ದದ ಬಾರಾ ಗಜಿ ತೋಪು.

ಅಲ್ಲಿಂದ ಹಫ್ತ್ ಗುಂಬಜ್. ಬಹಮನಿ ಸುಲ್ತಾನರ ಸಮಾಧಿಗಳಲ್ಲಿ ಫಿರೋಜ್ ಷಾನದೇ ಎಲ್ಲಕ್ಕಿಂತ ದೊಡ್ಡದು. ಆತ ತೀರಿಕೊಂಡದ್ದು 1422ರಲ್ಲಿ. ಹಜ್ರತ್ ಖ್ವಾಜಾ ಬಂದೇ ನವಾಜ್ ಅವರು ವಫಾತ್ ಆದದ್ದೂ ಅದೇ ವರ್ಷ. ಪಠ್ಯಪುಸ್ತಕದಲ್ಲಿ ಎಷ್ಟು ಸಲ ಓದಿಸಿದರೂ ನೆನಪಿನಲ್ಲಿ ಉಳಿಯದ ಇಸವಿ ನನ್ನ ಮಗಳಿಗೆ ಅಲ್ಲಿ ಒಂದೇ ಸಲಕ್ಕೆ ಉಳಿಯಿತು.

ನಂತರ ಹುಮನಾಬಾದ್ ರಸ್ತೆ ಹಿಡಿದು ಕಮಲಾಪುರ. ಈ ಊರಿನ ಹೆಸರಿನೊಂದಿಗೆ ಕೆಂಬಾಳೆಯ ಹೆಸರು ಸೇರಿಕೊಂಡಿದೆ. ಸಿಪ್ಪೆ ಕೆಂಪು, ಒಳಗಿನ ತಿರುಳು ಕೆನೆಬಣ್ಣ. ಇದಕ್ಕೆ ಭೌಗೋಳಿಕ ಗುರುತಿನ ಮಾನ್ಯತೆಯೂ ಸಿಕ್ಕಿದೆ. ಬೇರೆ ಬಾಳೆಗಿಂತ ಹೆಚ್ಚು ಕಾಲ, ಹೆಚ್ಚು ನೀರು, ಗೊಬ್ಬರ, ಆರೈಕೆ ಬೇಡುವ ಬೆಳೆಯಾದ್ದರಿಂದ ಬೆಲೆಯೂ ಹೆಚ್ಚು. ಅದಕ್ಕೇ ಶ್ರೀಮಂತರ ಹಣ್ಣು ಎಂಬ ಹೆಸರು. ತೋಟದ ಅಂಚಿನಲ್ಲಿ ಒಬ್ಬ ಅಜ್ಜಿಯ ಅನುಮತಿ ಕೇಳಿ ನೆರಳಲ್ಲಿ ಕುಳಿತೆವು. ಜೋಳದ ರೊಟ್ಟಿ, ಶೇಂಗಾ ಹಿಂಡಿ, ಮನೆಯಿಂದ ತಂದ ತಹರಿ ಬಿಚ್ಚಿದೆವು. ಅಜ್ಜಿಗೂ ಒಂದು ತಟ್ಟೆ ಕೊಟ್ಟೆವು. ಅವರು ನಮ್ಮ ಖಾಲಾರ ಪಕ್ಕದಲ್ಲೇ ಕುಳಿತು ಮೊಣಕಾಲು ನೋವಿನ ಕಷ್ಟಸುಖ ಮಾತಾಡಿದರು. ಐವತ್ತು ಮಂದಿಯ ಬಸ್ಸು ಬಂದಿದ್ದರೆ ಆ ಅಜ್ಜಿ ಬಾಗಿಲು ಹಾಕಿಕೊಳ್ಳುತ್ತಿದ್ದರೇನೋ!

ನೀವು ಹೊರಡುವುದಾದರೆ

ಎಂಟು-ಹತ್ತು ಮಂದಿಗಿಂತ ಹೆಚ್ಚು ಬೇಡ. ಜಾಗಗಳು ಮೂರಕ್ಕಿಂತ ಹೆಚ್ಚು ಬೇಡ. ನವೆಂಬರ್‌ನಿಂದ ಫೆಬ್ರವರಿ ಒಳ್ಳೆಯ ಕಾಲ. ನಮ್ಮ ಬೇಸಿಗೆ ನಿಮಗೆ ಗೊತ್ತೇ ಇದೆ, 40 ಡಿಗ್ರಿ ದಾಟುತ್ತದೆ. ಉರೂಸಿನ ದಿನಗಳಲ್ಲಿ ಜನಸಂದಣಿ ಇರುವುದರಿಂದ ಬೇರೆ ದಿನ ಆರಿಸಿಕೊಳ್ಳಿ.

ಶೌಚಾಲಯ ಎಲ್ಲೆಲ್ಲಿದೆ ಎಂದು ಮೊದಲೇ ವಿಚಾರಿಸಿ. ನಾಚಿಕೆ ಬೇಡ. ಇದೊಂದೇ ಭಯಕ್ಕೆ ನೀರು ಕುಡಿಯದೆ ತಲೆನೋವು ತಂದುಕೊಳ್ಳುವ ಹೆಂಗಸರು ಎಷ್ಟಿಲ್ಲ!

ಗಾಡಿಯ ಬಾಡಿಗೆ ಭಾರವಾದರೆ ಸರಕಾರಿ ಬಸ್ಸಿದೆ. 2023ರ ಜೂನ್ 11ರಂದು ಆರಂಭವಾದ ಶಕ್ತಿ ಯೋಜನೆಯಡಿ ರಾಜ್ಯದ ಮಹಿಳೆಯರಿಗೆ ಸಾಮಾನ್ಯ ಬಸ್ಸಿನಲ್ಲಿ ಉಚಿತ ಪ್ರಯಾಣ. ಆಧಾರ್ ಕಾರ್ಡ್ ಮರೆಯಬೇಡಿ.

ಹಲವರು ಕೇಳುವ ಇನ್ನೊಂದು ಸಂಗತಿ: ಕಮಲಾಪುರದಷ್ಟು ದೂರಕ್ಕೆ ನಮಾಝ್ ಕಸ್ರ್ ಆಗುವುದಿಲ್ಲ. ಝುಹರ್ ಪೂರ್ತಿ ನಾಲ್ಕು ರಕಅತ್. ಆದ್ದರಿಂದ ಊಟದ ಜೊತೆಗೇ ನಮಾಝಿಗೂ ಸಮಯ ಇಟ್ಟುಕೊಳ್ಳಿ.

ನಾವು ಅಂದು ಅಸರ್‌ಗೆ ಮೊದಲೇ ಮನೆ ಮುಟ್ಟಿದೆವು. ಮಕ್ಕಳು ಶಾಲೆಯಿಂದ ಬರುವ ಹೊತ್ತಿಗೆ ಒಲೆಯ ಮೇಲೆ ಚಹಾ ಇತ್ತು. “ಎಲ್ಲಿಗೆ ಹೋಗಿದ್ದಿರಿ?” ಎಂದು ಮನೆಯಲ್ಲಿ ಯಾರೂ ಮುಖ ಗಂಟಿಕ್ಕಲಿಲ್ಲ. ಬದಲಿಗೆ “ಮುಂದಿನ ಸಲ ಎಲ್ಲಿಗೆ?” ಎಂದು ಕೇಳಿದರು. ಖಾಲಾರ ಮನೆಯಲ್ಲಿ ಮೊಮ್ಮಗಳು ಮತ್ತೆ ಅದೇ ಪ್ರಶ್ನೆ ಕೇಳಿದಳಂತೆ. ಈ ಸಲ ಉತ್ತರ ಇಶಾವರೆಗೂ ಮುಗಿಯಲಿಲ್ಲವಂತೆ.

ನಿಮ್ಮ ಮನೆಯಲ್ಲೂ ಚೀಲ ಕಾಯುತ್ತ ಬಸ್ಸಿನಲ್ಲೇ ಕುಳಿತ ಒಬ್ಬರು ಇರಬಹುದು. ಮುಂದಿನ ಸಲ ಹೊರಡುವಾಗ ಪಟ್ಟಿಯನ್ನು ಅವರಿಂದಲೇ ಬರೆಸಿ.