ತಂಬೂರಿಯ ಜೀವ

ಸಂಗೀತದ ಸಭೆಯಲ್ಲಿ ಎಲ್ಲರ ಕಣ್ಣಿಗೂ ಬಿದ್ದು ಯಾರ ಗಮನಕ್ಕೂ ಬಾರದ ವಸ್ತುವೊಂದುಂಟು. ಗವಾಯಿಯ ಬೆನ್ನ ಹಿಂದೆ ನೆಟ್ಟಗೆ ನಿಂತು, ಮೊದಲಿನಿಂದ ಕೊನೆಯವರೆಗೆ ನಾಲ್ಕೇ ಮಾತುಗಳನ್ನು ಆಡುವ ತಂಬೂರಿ ಅದು. ತಬಲಜಿಗೆ ಚಪ್ಪಾಳೆ ಬೀಳುವುದು. ಹಾರ್ಮೋನಿಯಂ ನುಡಿಸಿದವರಿಗೆ ಶಾಲು ಹೊದಿಸುವುದೂ ಉಂಟು. ತಂಬೂರಿಯನ್ನು ಮಾತ್ರ ಸಭೆ ಮುಗಿದೊಡನೆ ಗವಸಣಿಗೆಯೊಳಗೆ ತೂರಿಸಿ ಮೂಲೆಗೆ ಒರಗಿಸುವರು. ಆದರೂ ಅದರ ಷಡ್ಜ ಒಂದು ಕೂದಲೆಳೆಯಷ್ಟು ಜಾರಿದರೆ ಗವಾಯಿಯ ಕಾಲ ಕೆಳಗಿನ ನೆಲವೇ ಜಾರಿದಂತೆ.

ಪಾಶ್ಚಾತ್ಯರ ಮೇಳಗಳಲ್ಲಿ ಇದೇ ಪಾಡು ಬೇಸ್ ಗಿಟಾರಿನದು. ೧೯೫೧ರಲ್ಲಿ ಅಮೆರಿಕದ ಲಿಯೋ ಫೆಂಡರ್ ಎಂಬಾತ ಈ ವಾದ್ಯವನ್ನು ಮಾರುಕಟ್ಟೆಗೆ ತಂದನು. ನಾಲ್ಕು ದಪ್ಪ ತಂತಿಗಳು. ಮೂವತ್ತನಾಲ್ಕು ಅಂಗುಲದ ತಂತಿಯಳತೆ. ಕೆಲಸವೆಂದರೆ ಮೇಳಕ್ಕೆ ಅಡಿಗಲ್ಲಾಗುವುದು. ಅದನ್ನು ನುಡಿಸುವ ಹವ್ಯಾಸಿಗಳು ಹಳೆಯ ವಾದ್ಯಗಳನ್ನು ಅರಸಿ ಕೊಳ್ಳುವರು. ಬಾಗಿದ ಕುತ್ತಿಗೆಯನ್ನು ನೇರ್ಪಡಿಸುವರು. ತಂತಿಯ ಎತ್ತರವನ್ನು ಕಾಗದದ ದಪ್ಪದ ಲೆಕ್ಕದಲ್ಲಿ ತಗ್ಗಿಸಿ ಏರಿಸಿ ನೋಡುವರು. ನುಡಿಸುವುದರಷ್ಟೇ ಸುಖ ಅವರಿಗೆ ದುರಸ್ತಿಯಲ್ಲಿಯೂ ಉಂಟು. ಇದನ್ನು ಹೊಸ ಕಾಲದ ಹುಚ್ಚೆಂದು ನಾವು ನಗಬೇಕಾಗಿಲ್ಲ. ನಮ್ಮ ನಾಡಿನಲ್ಲಿಯೂ ಈ ಹವ್ಯಾಸ ಹಳೆಯದೇ; ತಂಬೂರಿಯ ಆರೈಕೆ ಎಂಬುದು ಅದರ ಹೆಸರು.

ಕೇಳ್ಮೆಯ ಊರು

ಕಲಬುರಗಿಯಲ್ಲಿ ಕುಳಿತು ಈ ಮಾತನ್ನು ಎತ್ತುವುದಕ್ಕೆ ಕಾರಣವಿದೆ. ಈ ಊರು ೧೩೪೭ರಲ್ಲಿ ಬಹಮನಿ ಅರಸರ ರಾಜಧಾನಿಯಾಯಿತು. ೧೪೨೨ರಲ್ಲಿ ಇಲ್ಲಿಯೇ ಕಾಲವಾದ ಖ್ವಾಜಾ ಬಂದೇ ನವಾಜರು ಚಿಶ್ತಿ ಪಂಥದವರು. ಆ ಪಂಥದಲ್ಲಿ ಸಂಗೀತದ ಗೋಷ್ಠಿಗೆ ‘ಸಮಾ’ ಎಂದು ಹೆಸರು. ಆ ಮಾತಿಗೆ ‘ಕೇಳುವುದು’ ಎಂದು ಅರ್ಥ. ಹಾಡುವುದಕ್ಕಿಂತ ಮೊದಲು ಕೇಳುವುದನ್ನು ಇಟ್ಟ ಪರಂಪರೆ ಅದು. ಇತ್ತ ಕಡಕೋಳದ ಮಡಿವಾಳಪ್ಪನವರ ಹಾದಿಯಲ್ಲಿ ನಡೆದ ತತ್ವಪದಕಾರರು ಏಕತಾರಿಯ ಒಂದೇ ತಂತಿಯ ಮೇಲೆ ಇಡೀ ರಾತ್ರಿಯನ್ನು ಕಳೆಯಬಲ್ಲವರು. ನೆರೆಯ ವಿಜಾಪುರದ ಎರಡನೆಯ ಇಬ್ರಾಹಿಂ ಆದಿಲ್‌ಶಾಹನಂತೂ ತನ್ನ ತಂಬೂರಕ್ಕೆ ‘ಮೋತಿಖಾನ್’ ಎಂದು ಹೆಸರಿಟ್ಟು, ತನ್ನ ‘ಕಿತಾಬೆ ನವರಸ್’ ಗ್ರಂಥದಲ್ಲಿ ಅದನ್ನು ನೆನೆದಿದ್ದಾನೆ. ಆ ವಾದ್ಯ ಇಂದಿನ ತಂಬೂರಿಯ ಆಕಾರದ್ದೇ ಆಗಿರಬೇಕೆಂದಿಲ್ಲ. ಆದರೆ ವಾದ್ಯಕ್ಕೆ ಸಲಗನಿಗೆ ಇಡುವಂತೆ ಹೆಸರಿಡುವ ಮಮತೆ ಮಾತ್ರ ಇಂದಿನ ಹವ್ಯಾಸಿಯದೇ.

ಊರಿನ ಐವಾನ್-ಎ-ಶಾಹಿಯನ್ನು ನೋಡಿದವರಿಗೆ ಇನ್ನೊಂದು ಮಾತು ಹೊಳೆಯದಿರದು. ನಿಜಾಮರ ಕಾಲದ ಆ ಅತಿಥಿಗೃಹ ಉಳಿದುಬಂದುದು ಬೀಗ ಹಾಕಿ ಇಟ್ಟುದರಿಂದಲ್ಲ. ಸಂಸ್ಥಾನ ಹೋದ ಮೇಲೆಯೂ ಸರ್ಕಾರಿ ಅತಿಥಿಗೃಹವಾಗಿ ಬಳಕೆಯಲ್ಲಿ ಇದ್ದುದರಿಂದ. ಬಾಗಿಲು ತೆರೆಯದ ಮನೆಗೆ ಗೆದ್ದಲು ಬೇಗ ಬರುವುದು. ತಂಬೂರಿಗೂ ಇದೇ ನ್ಯಾಯ. ಮಠಗಳಲ್ಲಿ, ಭಜನಾಮಂದಿರಗಳಲ್ಲಿ, ಹಳೆಯ ಮನೆಗಳ ಅಟ್ಟಗಳಲ್ಲಿ ತಂತಿ ಹರಿದು ಕುಳಿತ ತಂಬೂರಿಗಳು ಸಾಯುತ್ತಿರುವುದು ವಯಸ್ಸಿನಿಂದಲ್ಲ, ಮೌನದಿಂದ.

ಭೀಮಾತೀರದ ಬುರುಡೆ

ನಮ್ಮ ಸೀಮೆಯ ಹಿಂದುಸ್ತಾನಿ ತಂಬೂರಿಯ ತವರು ಮಿರಜ್. ಆಯುಧಗಳಿಗೆ ಸಾಣೆ ಹಿಡಿಯುತ್ತಿದ್ದ ಶಿಕಲಗಾರ ಮನೆತನದವರು ಹತ್ತೊಂಬತ್ತನೆಯ ಶತಮಾನದ ನಡುವೆ ಅಲ್ಲಿ ತಂತಿವಾದ್ಯಗಳ ಕೆಲಸಕ್ಕೆ ಕೈ ಹಾಕಿದರು. ಫರೀದಸಾಹೇಬ ಸಿತಾರಮೇಕರ್ ಈ ಕಸುಬಿನ ಮೂಲಪುರುಷರೆಂದು ಪ್ರಸಿದ್ಧರು. ಕತ್ತಿಯ ಅಲಗನ್ನು ಬಲ್ಲ ಕೈಗೆ ತಂತಿ ಕೂರುವ ಕುದುರೆಯ ಮೈ ತಿದ್ದುವುದು ಒಗ್ಗಿಬಂದುದು ಆಶ್ಚರ್ಯವಲ್ಲ. ಮಿರಜಿನ ತಂಬೂರಿಗೂ ಸಿತಾರಿಗೂ ೨೦೨೪ರಲ್ಲಿ ಭೌಗೋಳಿಕ ಗುರುತಿನ ಮನ್ನಣೆ ದೊರೆಯಿತು.

ಆ ತಂಬೂರಿಯ ಹೊಟ್ಟೆಯಾಗುವ ಸೋರೆಬುರುಡೆ ಬೆಳೆಯುವುದು ಪಂಢರಪುರ, ಮಂಗಳವೇಢೆಗಳ ಸುತ್ತಿನ ಭೀಮಾತೀರದಲ್ಲಿ. ಅದೇ ಭೀಮೆ ಮುಂದೆ ಅಫಜಲಪುರ, ಗಾಣಗಾಪುರಗಳನ್ನು ಹಾದು ನಮ್ಮ ಜಿಲ್ಲೆಯ ಹೊಲಗಳಿಗೆ ನೀರುಣಿಸುವಳು. ರಾಜ್ಯದ ಗಡಿ ನಕ್ಷೆಯಲ್ಲಿದೆ. ನಾದಕ್ಕೆ ಅದು ಗೊತ್ತಿಲ್ಲ.

ಕೊಳ್ಳುವ ಬಗೆ

ಹಳೆಯ ತಂಬೂರಿಯನ್ನು ಕೊಳ್ಳಹೋಗುವವನು ಮೊದಲು ಕಣ್ಣಿಗೆ ಬೀಳುವ ಅಲಂಕಾರವನ್ನು ಮರೆಯತಕ್ಕದ್ದು. ಬಿಳಿಯ ಬಳ್ಳಿ, ಎಲೆ, ನವಿಲುಗಳ ಕುಸುರಿ ಬೆಲೆಯನ್ನು ಹೆಚ್ಚಿಸುವುದೇ ಹೊರತು ನಾದವನ್ನಲ್ಲ. ಬಿರಡೆಗಳ ಕಡೆಯಿಂದ ಒಂದು ಕಣ್ಣು ಮುಚ್ಚಿ ದಂಡಿಯ ಉದ್ದಕ್ಕೂ ನೋಡಬೇಕು. ಸ್ವಲ್ಪ ಬಾಗು ಇದ್ದರೆ ಚಿಂತೆಯಿಲ್ಲ. ತಂಬೂರಿಯಲ್ಲಿ ದಂಡಿಯ ಮೇಲೆ ಬೆರಳೊತ್ತಿ ಸ್ವರ ಹಿಡಿಯುವ ಪಾಡಿಲ್ಲ. ದಂಡಿ ಹಗ್ಗದಂತೆ ತಿರುಚಿಕೊಂಡಿದ್ದರೆ ಮಾತ್ರ ಕೈ ಮುಗಿದು ಬರುವುದು ಲೇಸು.

ಆಮೇಲೆ ಬುರುಡೆ. ಬೆರಳ ಗಿಣ್ಣಿನಿಂದ ಮೆಲ್ಲನೆ ಸುತ್ತಲೂ ತಟ್ಟಿ ನೋಡಬೇಕು. ಗಟ್ಟಿ ಬುರುಡೆ ಎಲ್ಲೆಡೆಯೂ ಒಂದೇ ಬಗೆಯಾಗಿ ಓಗೊಡುವುದು. ಬಿರುಕು ಬಿಟ್ಟಲ್ಲಿ ದನಿ ಮಂಕಾಗಿ ಗೊರಗುಟ್ಟುವುದು. ಬುರುಡೆಯೂ ದಂಡಿಯೂ ಕೂಡುವ ಕೊರಳ ಬೆಸುಗೆಯನ್ನು ಪರೀಕ್ಷಿಸುವುದು ಮೂರನೆಯದು. ತಂತಿಗಳ ಸೆಳೆತವೆಲ್ಲವೂ ಬಂದು ಬೀಳುವುದು ಅಲ್ಲಿಯೇ. ಮೇಲುಹಲಗೆ ಕುದುರೆಯ ಭಾರಕ್ಕೆ ಕುಸಿದಿದೆಯೆ, ಬಿರಡೆಗಳು ತೂತಿನಲ್ಲಿ ಸುತ್ತಲೂ ಅಂಟಿ ಕೂರುವುವೆ ಎಂಬುದನ್ನು ಕೊನೆಯಲ್ಲಿ ನೋಡಬೇಕು. ತಂತಿ ತುಕ್ಕು ಹಿಡಿದಿರುವುದು, ಮಣಿ ಕಳೆದಿರುವುದು, ಮೆರುಗು ಹೋಗಿರುವುದು ಇವು ಯಾವುವೂ ದೋಷಗಳಲ್ಲ. ಬೇರಂ ಮಾಡಲು ಮಾರುವವನೇ ಒದಗಿಸಿದ ಸಾಧನಗಳು.

ಗುಣವಾಗುವ ದೋಷ

ಶ್ರುತಿಗೂಡಿಸುವ ಕ್ರಮ ಎಲ್ಲರಿಗೂ ತಿಳಿದುದೇ. ಮೊದಲ ತಂತಿ ಮಂದ್ರದ ಪಂಚಮಕ್ಕೆ. ನಡುವಿನ ಎರಡು ಉಕ್ಕಿನ ಜೋಡಿತಂತಿಗಳು ಷಡ್ಜಕ್ಕೆ. ಕೊನೆಯ ಹಿತ್ತಾಳೆಯ ತಂತಿ ಖರಜಕ್ಕೆ. ರಾಗದಲ್ಲಿ ಪಂಚಮವಿಲ್ಲದಿದ್ದರೆ ಮೊದಲ ತಂತಿಯನ್ನು ಮಧ್ಯಮಕ್ಕೋ ನಿಷಾದಕ್ಕೋ ತರುವರು. ಗಂಡುದನಿಯ ತಂಬೂರಿಯ ಖರಜ ಸೆಕೆಂಡಿಗೆ ಸುಮಾರು ಅರವತ್ತೈದು, ಎಪ್ಪತ್ತು ಕಂಪನಗಳಷ್ಟು ಕೆಳಗಿರುವುದು. ಬೇಸ್ ಗಿಟಾರಿನ ಅತಿ ಕೆಳಗಿನ ತಂತಿ ಇನ್ನೂ ಇಳಿದು ನಲವತ್ತೊಂದಕ್ಕೆ ಮುಟ್ಟುವುದು. ಎರಡೂ ಮಂದ್ರಲೋಕದ ನೆಂಟರೇ ಸರಿ.

ಆದರೆ ನೆಂಟರ ನಡುವೆ ಒಂದು ಚೆಲುವಾದ ಭೇದವಿದೆ. ತಂತಿ ಎಲ್ಲಿಯಾದರೂ ತಾಗಿ ಝೇಂಕರಿಸಿದರೆ ಬೇಸ್ ಗಿಟಾರಿನ ಹವ್ಯಾಸಿಗೆ ಅದು ರೋಗ. ಅರವನ್ನು ಹಿಡಿದು ಅದನ್ನು ಓಡಿಸುವನು. ತಂಬೂರಿಯ ಹವ್ಯಾಸಿ ಅದೇ ಅರವನ್ನು ಹಿಡಿದು ಆ ಝೇಂಕಾರವನ್ನು ಬರಮಾಡಿಕೊಳ್ಳುವನು. ಇದಕ್ಕೆ ಜವಾರಿ ಎಂದು ಹೆಸರು. ತಂಬೂರಿಯ ಕುದುರೆಯ ಬೆನ್ನು ಚೂಪಲ್ಲ. ಅಗಲವಾಗಿ, ಕಣ್ಣಿಗೆ ಕಾಣದಷ್ಟು ಇಳಿಜಾರಾಗಿ ಇರುವುದು. ಕಂಪಿಸುವ ತಂತಿ ಆ ಬೆನ್ನನ್ನು ನೆಕ್ಕುತ್ತ ಏಳುತ್ತ ಇರುವುದು. ತಂತಿಯ ಅಡಿಯಲ್ಲಿ ಹತ್ತಿಯ ನೂಲಿನ ಒಂದೆಳೆಯನ್ನು ತೂರಿಸಿ, ಹಿಂದೆ ಮುಂದೆ ಸರಿಸುತ್ತ ಹೋದರೆ ಯಾವುದೋ ಒಂದು ನೆಲೆಯಲ್ಲಿ ಮೊದ್ದಾಗಿದ್ದ ತಂತಿ ಒಮ್ಮೆಲೆ ಕಣ್ತೆರೆಯುವುದು. ಆ ನೂಲಿಗೆ ‘ಜೀವ’ ಎಂದೇ ಹೆಸರು. ಕೂದಲಿನಷ್ಟು ಆಚೆ ಸರಿದರೆ ಜೀವ ಹೋಯಿತು.

ಇದರ ಮರ್ಮವನ್ನು ಮೊದಲು ಶಾಸ್ತ್ರೀಯವಾಗಿ ವಿವೇಚಿಸಿದವರು ಸರ್ ಸಿ. ವಿ. ರಾಮನ್ನರು. ತಂತಿಯನ್ನು ಮೀಟಿದ ಬಿಂದು ಯಾವ ಉಪಸ್ವರಗಳಿಗೆ ನಿಶ್ಚಲಸ್ಥಾನವೋ ಆ ಉಪಸ್ವರಗಳು ಹುಟ್ಟಲಾರವು ಎಂಬುದು ಪಾಶ್ಚಾತ್ಯ ಶಾಸ್ತ್ರದ ಹಳೆಯ ನಿಯಮ. ತಂತಿಯನ್ನು ನಟ್ಟನಡುವೆ ಮೀಟಿದರೆ ಎರಡು, ನಾಲ್ಕು, ಆರನೆಯ ಉಪಸ್ವರಗಳು ಕೇಳಿಸಕೂಡದು. ತಂಬೂರಿಯಲ್ಲಿಯೂ ವೀಣೆಯಲ್ಲಿಯೂ ಅವು ಕೇಳಿಸುವುವು. ಈ ನಿಯಮಭಂಗಕ್ಕೆ ಕಾರಣ ಕುದುರೆಯ ಬಾಗಿದ ಬೆನ್ನೇ ಎಂದು ರಾಮನ್ನರು ೧೯೨೧ರಲ್ಲಿ ತೋರಿಸಿದರು. ನಿಯಮವನ್ನು ಓದದ ನಮ್ಮ ಕುಶಲಕರ್ಮಿಗಳು ಕಿವಿಯನ್ನು ನಂಬಿ ನಿಯಮವನ್ನು ಮೀರಿದ್ದರು.

ಇಟ್ಟುಕೊಳ್ಳುವ ವಿವೇಕ

ನುಡಿಸಿ ನುಡಿಸಿ ತಂತಿ ಕುದುರೆಯ ಬೆನ್ನಿನಲ್ಲಿ ಗೀರು ಕೊರೆಯುವುದು. ಆಗ ಜವಾರಿ ಕೆಡುವುದು, ಮತ್ತೆ ತಿದ್ದಬೇಕಾಗುವುದು. ಮಟ್ಟಸವಾದ ಅರ, ನಯವಾದ ಉಸುಕುಕಾಗದ, ಬೇಕಾದಷ್ಟು ತಾಳ್ಮೆ — ಸಾಧನಗಳು ಇಷ್ಟೇ. ನಾಲ್ಕು ಸಲ ಉಜ್ಜಿ ಒಂದು ಸಲ ಕೇಳುವವನು ಕೆಡಿಸುವನು. ಒಂದು ಸಲ ಉಜ್ಜಿ ನಾಲ್ಕು ಸಲ ಕೇಳುವವನು ಕಲಿಯುವನು. ಉಜ್ಜಿ ಕಳೆದುದು ಮತ್ತೆ ಬಾರದು. ಜಿಂಕೆಯ ಕೊಂಬಿನ ಹಳೆಯ ಕುದುರೆಯಿದ್ದರೆ ಅದನ್ನು ಇನ್ನಷ್ಟು ಜೋಕೆಯಿಂದ ಮುಟ್ಟಬೇಕು. ವನ್ಯಜೀವಿ ಸಂರಕ್ಷಣೆಯ ಕಾಯಿದೆ ೧೯೭೨ರಲ್ಲಿ ಬಂದು, ಆಮೇಲೆ ಇನ್ನೂ ಬಿಗಿಯಾಗಿದೆ. ಈಗ ಮೂಳೆ, ಕರಿಮರ, ಕೃತಕ ವಸ್ತುಗಳೇ ಗತಿ. ನಾದಕ್ಕಾಗಿ ಜಿಂಕೆ ಬೀಳಬಾರದೆಂಬುದೂ ಸಂಗೀತಕ್ಕೆ ಒಪ್ಪುವ ಮಾತೇ.

ನಮ್ಮ ಸೀಮೆಯ ಹವೆ ಮರಕ್ಕೆ ಕಡುಪರೀಕ್ಷೆ. ಬೇಸಗೆಯಲ್ಲಿ ಉಷ್ಣತೆ ನಲವತ್ತು ಡಿಗ್ರಿಯನ್ನು ದಾಟಿದಾಗ ಮರ ಒಣಗಿ ಕುಗ್ಗುವುದು. ಬಿರಡೆಗಳು ತಾವಾಗಿ ಸಡಿಲಿ ತಂತಿಗಳು ಇಳಿಯುವುವು. ಮಳೆಗಾಲದಲ್ಲಿ ಅವೇ ಬಿರಡೆಗಳು ಉಬ್ಬಿ ಅಲುಗವು. ಬಿರಡೆಗೆ ಸೀಮೆಸುಣ್ಣದ ಪುಡಿ ಸವರುವುದು ಜಾರುವುದಕ್ಕೆ ಹಳೆಯ ಮದ್ದು. ಬಹುದಿನ ನುಡಿಸದಿದ್ದರೆ ತಂತಿಗಳನ್ನು ಕೊಂಚ ಸಡಿಲಿಸಿ, ಬಿಸಿಲೂ ಬಿಸಿಗಾಳಿಯೂ ತಾಗದ ಒಳಗೋಡೆಗೆ ಒರಗಿಸುವುದು ಮೇಲು.

ಬುರುಡೆ ಒಡೆದಾಗ ಅಂಗಡಿಯಲ್ಲಿ ದೊರೆಯುವ ಗಟ್ಟಿ ರಾಸಾಯನಿಕ ಅಂಟನ್ನು ತಂದು ಸುರಿಯುವುದು ಈ ಕಾಲದ ಅವಸರ. ಹಳಬರು ಬಳಸುತ್ತಿದ್ದುದು ಚರ್ಮದಿಂದ ಕಾಯಿಸಿದ ಸರೇಸು. ಅದಕ್ಕೊಂದು ದೊಡ್ಡ ಗುಣವಿದೆ: ಬಿಸಿನೀರು ತಾಗಿಸಿದರೆ ಬಿಟ್ಟುಕೊಡುವುದು. ಅಂದರೆ ನಾಳೆ ಬರುವ ಕುಶಲಿ ಇಂದಿನ ಕೆಲಸವನ್ನು ಬಿಚ್ಚಿ ಮತ್ತೆ ಮಾಡಬಲ್ಲನು. ಬಿಚ್ಚಲು ಬಾರದ ದುರಸ್ತಿ ಮುಂದಿನವರ ಬಾಯಿ ಕಟ್ಟಿದಂತೆ. ಕಟ್ಟಡಗಳ ಜೀರ್ಣೋದ್ಧಾರದಲ್ಲಿ ಒಪ್ಪುವ ಈ ನೀತಿ ವಾದ್ಯಗಳ ಜೀರ್ಣೋದ್ಧಾರಕ್ಕೂ ಸಲ್ಲುವುದು. ಹಾಗೆಯೇ ಹಳೆಯ ಅರಗಿನ ಮೆರುಗನ್ನು ಕೆರೆದು ಹೊಸ ಬಣ್ಣ ಬಳಿಯುವುದೂ ಬೇಡ. ಎಷ್ಟೋ ಕೈಗಳು ಹಿಡಿದು ಸವೆಸಿದ ಜಾಗ ಕಲೆಯಲ್ಲ, ಸಾಕ್ಷಿ.

ಇದೆಲ್ಲ ಕೂಲಿಯವರ ಕೆಲಸ, ಕಲಾವಿದನಿಗೇಕೆ ಎಂದು ಕೇಳುವವರಿಗೆ ಉಸ್ತಾದ್ ಅಬ್ದುಲ್ ಕರೀಂ ಖಾನರ ಹೆಸರೊಂದೇ ಸಾಕು. ಮಿರಜನ್ನು ಮನೆ ಮಾಡಿಕೊಂಡು, ಸವಾಯಿ ಗಂಧರ್ವರಂಥ ಕನ್ನಡಿಗ ಶಿಷ್ಯರನ್ನು ತಯಾರಿಸಿ, ೧೯೩೭ರಲ್ಲಿ ತೀರಿಕೊಂಡ ಆ ಮಹಾಗಾಯಕರು ವಾದ್ಯಗಳ ದುರಸ್ತಿಯಲ್ಲಿಯೂ ಪಳಗಿದವರು. ಅವರ ಗಾಯನದ ಸುರೀಲುತನವನ್ನು ಕೊಂಡಾಡುವವರು ಅವರ ತಂಬೂರಿಗಳನ್ನು ಮರೆತು ಮಾತಾಡುವುದಿಲ್ಲ. ಜವಾರಿ ಬಿಡಿಸುವ ಕಿವಿಯೂ ಸ್ವರ ಹಚ್ಚುವ ಕಿವಿಯೂ ಬೇರೆಯಲ್ಲ.

ಯಂತ್ರವೂ ಮರವೂ

ಇಂದು ತಂಬೂರಿಯ ಸ್ಥಾನದಲ್ಲಿ ವಿದ್ಯುತ್ ಯಂತ್ರ ಕುಳಿತಿದೆ. ಅದನ್ನು ರೂಢಿಗೆ ತಂದವರಲ್ಲಿ ಬೆಂಗಳೂರಿನ ಇಂಜಿನಿಯರ್ ಜಿ. ರಾಜನಾರಾಯಣರು ಪ್ರಮುಖರು, ಅವರು ಸ್ವತಃ ಕೊಳಲುವಾದಕರು. ಈಗ ಅದು ಅಂಗೈಯ ದೂರವಾಣಿಯೊಳಗೂ ಬಂದು ಸೇರಿದೆ. ಇದನ್ನು ಹಳಿಯುವುದು ಕೃತಘ್ನತೆ. ತಂಬೂರಿ ಕೊಳ್ಳಲಾರದ ಬಡ ವಿದ್ಯಾರ್ಥಿಗೂ, ಬಸ್ಸಿನಲ್ಲಿ ಓಡಾಡುವ ಕಲಾವಿದನಿಗೂ, ಬಾಡಿಗೆಯ ಚಿಕ್ಕ ಕೋಣೆಯಲ್ಲಿ ಅಭ್ಯಾಸ ಮಾಡುವವನಿಗೂ ಅದು ಮಹೋಪಕಾರ ಮಾಡಿದೆ. ಅದರ ಶ್ರುತಿ ಬೇಸಗೆಯಲ್ಲಿ ಇಳಿಯದು, ಮಳೆಯಲ್ಲಿ ಏರದು.

ಆದರೆ ಇದರಲ್ಲಿಯೇ ಒಂದು ನಷ್ಟವಿದೆ. ಎಂದೂ ಕೆಡದ ಶ್ರುತಿಯನ್ನು ಯಾರೂ ಕೂಡಿಸಬೇಕಾಗಿಲ್ಲ. ಕೂಡಿಸಬೇಕಾಗಿಲ್ಲದವನು ಕಲಿಯುವುದೂ ಇಲ್ಲ. ಗುಂಡಿ ಒತ್ತಿದೊಡನೆ ಷಡ್ಜ ಸಿಕ್ಕುವುದು. ಷಡ್ಜವನ್ನು ಹುಡುಕುವ ಅರ್ಧ ಗಂಟೆ ಸಿಕ್ಕುವುದಿಲ್ಲ. ತಂತಿ ಬಿಗಿಯುತ್ತ, ಮಣಿ ಸರಿಸುತ್ತ, ನೂಲು ಆಡಿಸುತ್ತ ಕಳೆದ ಆ ಅರ್ಧ ಗಂಟೆಯೇ ವಿದ್ಯಾರ್ಥಿಯ ಮೊದಲ ಪಾಠವಾಗಿತ್ತು. ಖರಜದೊಳಗಿಂದ ಗಾಂಧಾರ ತಾನಾಗಿ ಮೇಲೆದ್ದು ಬರುವುದನ್ನು ಅವನು ಕೇಳುತ್ತಿದ್ದುದು ಆಗಲೇ.

ಅದರೊಡನೆ ಕಸುಬಿನ ಮಾತೂ ಇದೆ. ಕೊಳ್ಳುವವರಿದ್ದರೆ ಮಿರಜಿನ ಅಂಗಳದಲ್ಲಿ ಬುರುಡೆ ಒಣಗುವುದು. ದುರಸ್ತಿಗೆ ತರುವವರಿದ್ದರೆ ತಂದೆಯ ಅರ ಮಗನ ಕೈಗೆ ಬರುವುದು. ದೊಡ್ಡ ಗವಾಯಿಗಳು ಕೆಲವರೇ. ಅವರ ಬೇಡಿಕೆಯಿಂದ ಒಂದು ಬೀದಿ ಬದುಕಲಾರದು. ಅದನ್ನು ಬದುಕಿಸಬಲ್ಲವರು ಸಾವಿರಾರು ಮಂದಿ ಹವ್ಯಾಸಿಗಳು: ಶಾಲೆಯ ಮೇಷ್ಟರು, ಬ್ಯಾಂಕಿನ ಗುಮಾಸ್ತೆ, ಭಜನೆಯ ಮೇಳದ ಹಿರಿಯ, ಸಂಜೆ ಅರ್ಧ ಗಂಟೆ ಸ್ವರ ಹಚ್ಚುವ ಗೃಹಿಣಿ. ಕಾಲೇಜುಗಳ ಸಂಗೀತ ವಿಭಾಗಗಳು ರಾಗಲಕ್ಷಣವನ್ನು ಬರೆಯಿಸುವಂತೆ ಒಂದು ಕುದುರೆಯನ್ನು ತಿದ್ದಿಸಲಿ, ಒಂದು ತಂತಿಯನ್ನು ಕಟ್ಟಿಸಲಿ. ಇದಕ್ಕೆ ಹೊಸ ಕಟ್ಟಡ ಬೇಡ; ಅಟ್ಟದಿಂದ ಇಳಿಸಿದ ಒಂದು ಹಳೆಯ ತಂಬೂರಿ, ಕಲಿಸಬಲ್ಲ ಒಬ್ಬ ಕುಶಲಿ ಇದ್ದರೆ ಆಯಿತು.

ತಂಬೂರಿ ಎಂದೂ ರಾಗವನ್ನು ಹಾಡುವುದಿಲ್ಲ; ಹಾಡುವವನಿಗೆ ಅವನ ನೆಲೆಯನ್ನು ತೋರಿಸುವುದಷ್ಟೇ ಅದರ ಕೆಲಸ. ಆ ನೆಲೆಯನ್ನು ಕೊಂಡು ತರಬಹುದು, ಗುಂಡಿ ಒತ್ತಿ ಪಡೆಯಬಹುದು. ತನ್ನ ಕೈಯಿಂದ ಕಟ್ಟಿ, ತನ್ನ ಕಿವಿಯಿಂದ ಒಪ್ಪಿ ಕಂಡುಕೊಂಡ ನೆಲೆಯಾದರೋ ಹಾಡುವವನದೇ ಆಗಿರುವುದು.