ನೆರೆಹೊರೆಯ ಜಾಡು ಹಿಡಿದ ಹಲ್ ಹೌಸ್

ಷಿಕಾಗೋ ನಗರದ ಪಶ್ಚಿಮ ಭಾಗದ ಹಾಲ್‌ಸ್ಟೆಡ್ ಬೀದಿಯಲ್ಲಿ 1889ರ ಸೆಪ್ಟೆಂಬರ್ 18ರಂದು ಜೇನ್ ಆಡಮ್ಸ್ ಹಾಗೂ ಎಲೆನ್ ಗೇಟ್ಸ್ ಸ್ಟಾರ್ ಎಂಬ ಇಬ್ಬರು ಗೆಳತಿಯರು ಆರಂಭಿಸಿದ ಹಲ್ ಹೌಸ್, ಅಮೆರಿಕದ ಸಮಾಜಸೇವೆಯ ಚರಿತ್ರೆಯಲ್ಲಿ ಎರಡು ಸ್ಥಳಾಂತರಗಳಿಗಾಗಿ ಅಭ್ಯಾಸಯೋಗ್ಯವಾದ ಸಂಸ್ಥೆ. ಅನುಕೂಲಸ್ಥ ಮನೆತನದ ಹೆಣ್ಣುಮಕ್ಕಳು ತಮ್ಮ ವಾಸವನ್ನೇ ಬಡವರ ಕೇರಿಗೆ ಬದಲಾಯಿಸಿಕೊಂಡದ್ದು ಮೊದಲನೆಯದು. ಮುಕ್ಕಾಲು ಶತಮಾನದ ಬಳಿಕ ಆ ಕೇರಿಯೇ ನೆಲಸಮವಾದಾಗ, ಇನ್ನೊಂದೆಡೆ ಅಂಥದೇ ದೊಡ್ಡ ನೆಲೆ ಕಟ್ಟಿಕೊಳ್ಳದೆ ನಗರದ ಹಲವು ಬಡಾವಣೆಗಳಿಗೆ ಸಂಸ್ಥೆ ಹಂಚಿಹೋದದ್ದು ಎರಡನೆಯದು.

ಆಡಮ್ಸ್ ಅವರ ಕಣ್ಣ ಮುಂದಿದ್ದ ಮಾದರಿ ಲಂಡನ್ನಿನದು. ಪಾದ್ರಿ ಸ್ಯಾಮ್ಯುಯೆಲ್ ಬಾರ್ನೆಟ್ ಮತ್ತು ಅವರ ಪತ್ನಿ ಹೆನ್ರಿಯೆಟ್ಟಾ 1884ರಲ್ಲಿ ವೈಟ್‌ಚಾಪೆಲ್‌ನ ಬಡಜನರ ನಡುವೆ ಸ್ಥಾಪಿಸಿದ್ದ ಟಾಯ್ನ್‌ಬೀ ಹಾಲ್‌ನಲ್ಲಿ ವಿಶ್ವವಿದ್ಯಾಲಯದ ತರುಣರು ಬಂದು ನೆಲೆಸಿ ಸುತ್ತಲಿನವರಿಗೆ ಪಾಠ, ಉಪನ್ಯಾಸ, ಸಲಹೆಗಳನ್ನು ಒದಗಿಸುತ್ತಿದ್ದರು. ಹೀಗೆ ಓದಿದವರು ದುಡಿಯುವ ಜನರ ನಡುವೆ ಬಿಡಾರ ಹೂಡಿ, ದಾನಿಗಳಾಗಿ ಬಂದುಹೋಗದೆ ನೆರೆಯವರಾಗಿಯೇ ಬಾಳುವ ಏರ್ಪಾಡಿಗೆ ‘ಸೆಟ್ಲ್‌ಮೆಂಟ್ ಹೌಸ್’ ಎಂದು ಹೆಸರಾಯಿತು. ಹಲ್ ಹೌಸ್‌ನಲ್ಲಿ ಉಳಿದುಕೊಂಡವರು ತಮ್ಮ ಊಟ ವಸತಿಯ ಖರ್ಚನ್ನು ತಾವೇ ಭರಿಸುತ್ತಿದ್ದರು. ಇಟಲಿ, ಗ್ರೀಸ್, ಜರ್ಮನಿ, ಐರ್ಲೆಂಡ್, ರಷ್ಯಾ, ಬೊಹೀಮಿಯಗಳಿಂದ ಬಂದ ವಲಸಿಗರು ತುಂಬಿದ್ದ ಆ ನೆರೆಯಲ್ಲಿ ಶಿಶುವಿಹಾರ, ವ್ಯಾಯಾಮಶಾಲೆ, ಸಂಗೀತಶಾಲೆ, ದುಡಿಯುವ ಹುಡುಗಿಯರ ಸಹಕಾರಿ ವಸತಿಗೃಹ ಒಂದೊಂದಾಗಿ ಹುಟ್ಟಿಕೊಂಡು, 1907ರ ಹೊತ್ತಿಗೆ ಚಾರ್ಲ್ಸ್ ಹಲ್ ಎಂಬುವರ ಹಳೆಯ ಬಂಗಲೆಯ ಸುತ್ತ ಒಟ್ಟು ಹದಿಮೂರು ಕಟ್ಟಡಗಳು ಎದ್ದಿದ್ದವು.

ಅಲ್ಲೇ ವಾಸವಿದ್ದುದರಿಂದ ಆದ ಪ್ರಯೋಜನ ಎಂಥದೆಂಬುದನ್ನು ಕಸದ ಪ್ರಸಂಗ ಚೆನ್ನಾಗಿ ತಿಳಿಸುತ್ತದೆ. ಆ ವಾರ್ಡಿನ ಬೀದಿಬದಿಯ ಮರದ ಕಸದ ಪೆಟ್ಟಿಗೆಗಳು ಸದಾ ತುಂಬಿ ನಾರುತ್ತಿದ್ದವು. ದೂರುಗಳಿಂದ ಫಲ ಕಾಣದಾಗ ಆಡಮ್ಸ್ 1895ರಲ್ಲಿ ತಾವೇ ವಾರ್ಡಿನ ಕಸ ತಪಾಸಣೆಯ ಅಧಿಕಾರಿಯಾಗಿ ನೇಮಕಗೊಂಡು, ಬೆಳಗಿನ ಆರು ಗಂಟೆಗೇ ಎದ್ದು ಕಸದ ಗಾಡಿಗಳ ಹಿಂದೆ ಹೋಗಿ, ಗುತ್ತಿಗೆದಾರನ ಬೆನ್ನುಬಿದ್ದು ಗಾಡಿಗಳ ಸಂಖ್ಯೆಯನ್ನು ಮೊದಲು ಹದಿಮೂರಕ್ಕೆ, ಆಮೇಲೆ ಹದಿನೇಳಕ್ಕೆ ಏರಿಸಿದರು. ಒಂದು ಕಿರುಬೀದಿಯಲ್ಲಿ ಹೊಲಸನ್ನು ಕೆರೆಯುತ್ತ ಹೋದಾಗ ಹದಿನೆಂಟು ಅಂಗುಲ ಆಳದಲ್ಲಿ, ಇದೆಯೆಂದೇ ಯಾರಿಗೂ ಗೊತ್ತಿರದಿದ್ದ ಕಲ್ಲುಹಾಸು ಸಿಕ್ಕಿತೆಂದು ಅವರು ದಾಖಲಿಸಿದ್ದಾರೆ. ಊರಾಚೆಯ ಕಚೇರಿಯಲ್ಲಿ ಕುಳಿತವರಿಗೆ ಇಂಥದು ಕಾಣುವ ಸಂಭವವೇ ಇರಲಿಲ್ಲ.

1891ರಲ್ಲಿ ಸೇರಿಕೊಂಡ ಫ್ಲಾರೆನ್ಸ್ ಕೆಲ್ಲಿ ಮನೆಮನೆ ಸಮೀಕ್ಷೆಗೆ ತೊಡಗಿದರು. ಅದರ ಫಲವಾಗಿ 1895ರಲ್ಲಿ ಪ್ರಕಟವಾದ ನಕ್ಷೆಗಳಲ್ಲಿ ಯಾವ ನಿವೇಶನದಲ್ಲಿ ಯಾವ ನಾಡಿನವರಿದ್ದಾರೆ, ಅವರ ವಾರದ ಗಳಿಕೆ ಎಷ್ಟು ಎಂಬುದನ್ನು ಬಣ್ಣಗಳಲ್ಲಿ ಗುರುತಿಸಲಾಗಿತ್ತು. ವಾರಕ್ಕೆ ಐದು ಡಾಲರ್ ದಾಟದ ಕುಟುಂಬಗಳ ಬಣ್ಣ ಕಪ್ಪು. ಹದಿನಾಲ್ಕು ವರ್ಷದೊಳಗಿನ ಮಕ್ಕಳನ್ನು ಕಾರ್ಖಾನೆಗಳಲ್ಲಿ ದುಡಿಸಕೂಡದೆಂಬ ಇಲಿನಾಯ್ ರಾಜ್ಯದ 1893ರ ಕಾನೂನಿನ ಹಿಂದೆಯೂ ಇದೇ ಬೀದಿಸುತ್ತಾಟದ ಅರಿವಿತ್ತು.

ಎರಡನೆಯ ಸ್ಥಳಾಂತರ ಸಂಸ್ಥೆ ತಾನಾಗಿ ಬಯಸಿದ್ದಲ್ಲ. ಹಳೆಯ ವಸತಿಗಳನ್ನು ಸರ್ಕಾರದ ನೆರವಿನಿಂದ ಕೆಡವಿ ಹೊಸದಾಗಿ ಕಟ್ಟುವ ‘ನಗರ ನವೀಕರಣ’ದ ಕಾಲವದು. ಮೇಯರ್ ರಿಚರ್ಡ್ ಡೇಲಿ ಅವರ ಆಡಳಿತ 1961ರಲ್ಲಿ ಇಲಿನಾಯ್ ವಿಶ್ವವಿದ್ಯಾಲಯದ ಹೊಸ ಆವರಣಕ್ಕೆ ಇದೇ ಪ್ರದೇಶವನ್ನು ಗೊತ್ತುಮಾಡಿತು. ಹಲ್ ಹೌಸ್‌ನ ನೆರಳಲ್ಲೇ ಬೆಳೆದ ಫ್ಲಾರೆನ್ಸ್ ಸ್ಕಾಲಾ ನೆರೆಯ ಹೆಂಗಸರನ್ನು ಕಟ್ಟಿಕೊಂಡು ಬೀದಿಗಿಳಿದರು, ನ್ಯಾಯಾಲಯದ ಮೆಟ್ಟಿಲೇರಿದರು. ಐದು ದಶಕಕ್ಕೂ ಮಿಕ್ಕಿ ಹಲ್ ಹೌಸ್‌ನಲ್ಲೇ ವಾಸವಿದ್ದ ವೃದ್ಧೆ ಜೆಸ್ಸಿ ಬಿನ್‌ಫೋರ್ಡ್ ಕೂಡ ಸ್ಕಾಲಾ ಅವರ ಬೆಂಬಲಕ್ಕೆ ನಿಂತರು. ಆದರೆ ಸಂಸ್ಥೆಯ ವಿಶ್ವಸ್ತರು ಮಾರಾಟಕ್ಕೆ ಒಪ್ಪಿದ್ದರು. ನೆರೆಯವರು ಹೋರಾಡುತ್ತಿದ್ದಾಗ ನೆರೆಯವರಿಗಾಗಿಯೇ ಹುಟ್ಟಿದ ಸಂಸ್ಥೆಯ ಆಡಳಿತ ಮಂಡಳಿ ಅವರ ಪಕ್ಕದಲ್ಲಿ ನಿಲ್ಲದೆ ಹೋದದ್ದು ಈ ಚರಿತ್ರೆಯ ಅತ್ಯಂತ ನೋವಿನ ಭಾಗ. 1963ರಲ್ಲಿ ಬಂಗಲೆ ಮತ್ತು ಊಟದ ಮನೆಗಳನ್ನುಳಿದು ಮಿಕ್ಕೆಲ್ಲ ಕಟ್ಟಡಗಳು ಉರುಳಿದವು.

ಅನಂತರ ಸಂಸ್ಥೆ ಹಿಡಿದದ್ದು ವಿಕೇಂದ್ರೀಕರಣದ, ಅಂದರೆ ಒಂದು ದೊಡ್ಡ ನೆಲೆಯ ಬದಲು ಹಲವು ಚಿಕ್ಕ ಕೇಂದ್ರಗಳ ದಾರಿ. ಇದಕ್ಕೆ ಒಳ್ಳೆಯ ಸಮರ್ಥನೆಯೂ ಇತ್ತು: ಅಷ್ಟು ಹೊತ್ತಿಗೆ ಬಡತನ ಹಾಲ್‌ಸ್ಟೆಡ್ ಬೀದಿಯೊಂದರಲ್ಲೇ ಉಳಿದಿರದೆ, ಅಪ್ಪಲೇಷಿಯನ್ ಬೆಟ್ಟಸೀಮೆಯಿಂದ ಕೆಲಸ ಹುಡುಕಿ ಬಂದ ಸಂಸಾರಗಳು ಉತ್ತರದ ಅಪ್‌ಟೌನ್‌ನಲ್ಲಿ ನೆಲೆಯೂರಿದ್ದವು, ಅಂಥವರ ಸಮೀಪಕ್ಕೇ ಹೋಗಬೇಕಿತ್ತು. ಅಪ್‌ಟೌನ್‌ನಲ್ಲಿ ಒಂದು ಕೇಂದ್ರ ನಡೆಯಿತು. ಲೇಕ್‌ವ್ಯೂ ಬಡಾವಣೆಯ ಜೇನ್ ಆಡಮ್ಸ್ ಕೇಂದ್ರದಲ್ಲಿ 1963ರಲ್ಲೇ ರಂಗಮಂದಿರವೂ ತೆರೆದು, ಮುಂದೆ ನಾಟಕಕಾರನಾಗಿ ಹೆಸರಾದ ಡೇವಿಡ್ ಮ್ಯಾಮೆಟ್ ಹುಡುಗನಾಗಿದ್ದಾಗ ಅಲ್ಲಿ ದುಡಿದರು. ಕಾಲಕ್ರಮದಲ್ಲಿ ಪೋಷಕರ ಆಸರೆ ತಪ್ಪಿದ ಮಕ್ಕಳ ಪಾಲನೆ, ಕೌಟುಂಬಿಕ ಹಿಂಸೆಗೆ ಒಳಗಾದವರಿಗೆ ನೆರವು, ಉದ್ಯೋಗ ತರಬೇತಿಗಳು ಮುಖ್ಯ ಕಾರ್ಯಗಳಾದವು.

ಸೇವೆ ಹೆಚ್ಚು ಜನರ ಬಾಗಿಲಿಗೆ ತಲುಪಿತೆಂಬುದು ನಿಜ. ಆದರೆ ಸೇವೆ ಕೊಡುವವರು ಅದೇ ಬೀದಿಯಲ್ಲಿ ಒಲೆ ಹೂಡಿ ಬದುಕುವ ಪದ್ಧತಿ ನಿಂತುಹೋಯಿತು. ಹಗಲು ಬಂದು ಸಂಜೆ ಮನೆಗೆ ಮರಳುವ ಸಂಬಳದ ಸಿಬ್ಬಂದಿಯ ನಿಷ್ಠೆಯನ್ನು ಶಂಕಿಸಬೇಕಿಲ್ಲ. ಆದರೂ ಅವರಿಗೆ ಕೇರಿಯ ಕಸ ತಮ್ಮ ಮನೆಮುಂದಿನ ಕಸವಾಗಿರಲಿಲ್ಲ. ನೆರೆಯ ವ್ಯಾಜ್ಯವನ್ನು ತನ್ನದೆಂದು ಹೊತ್ತು ಶಾಸನಸಭೆಯವರೆಗೆ ಒಯ್ಯುತ್ತಿದ್ದ ಸಂಸ್ಥೆ, ಬಹುಮಟ್ಟಿಗೆ ಸರ್ಕಾರಿ ಅನುದಾನದ ಯೋಜನೆಗಳನ್ನು ನಡೆಸಿಕೊಡುವ ಸಂಸ್ಥೆಯಾಗಿ ಮಾರ್ಪಟ್ಟಿತು. ಅನುದಾನ ಇಳಿದು ಬೇಡಿಕೆ ಏರಿದಾಗ ಸಾಲ ಬೆಳೆದು, ವರ್ಷಕ್ಕೆ ಸುಮಾರು 60,000 ಮಂದಿಗೆ ನೆರವಾಗುತ್ತಿದ್ದ ಹಲ್ ಹೌಸ್ ಸಂಘ 2012ರ ಜನವರಿಯಲ್ಲಿ ಬಾಗಿಲು ಹಾಕಿತು. ಅದರ ಆಶ್ರಯದಲ್ಲಿದ್ದವರನ್ನು ನಗರದ ಬೇರೆ ಸೇವಾಸಂಸ್ಥೆಗಳಿಗೆ ಒಪ್ಪಿಸಬೇಕಾಯಿತು; ವಿಶ್ವವಿದ್ಯಾಲಯದ ವಶದಲ್ಲಿರುವ ಹಾಲ್‌ಸ್ಟೆಡ್ ಬೀದಿಯ ಬಂಗಲೆ 1967ರಿಂದ ವಸ್ತುಸಂಗ್ರಹಾಲಯವಾಗಿದೆ.